ಓ ಅಂದ ಮೇಲೆ

ಮನೆಯಿಂದ ಹೊರಡುವಾಗ ನಾನು ಬಾಗಿಲಿನ ಚೌಕಟ್ಟಿಗೆ ಎರಡು ಸಲ ತಟ್ಟುತ್ತೇನೆ. ಹಾಲು ತರುವುದಕ್ಕೆ ಹೋಗುವಾಗಲೂ ಅಷ್ಟೆ, ಕ್ಷೌರಕ್ಕೆ ಹೋಗುವಾಗಲೂ ಅಷ್ಟೆ. ತಟ್ಟದೆ ಮೆಟ್ಟಿಲು ಇಳಿದುಬಿಟ್ಟರೆ ಏನೋ ಮರೆತಂತಾಗಿ, ಬೀದಿಯ ತಿರುವಿನ ತನಕ ಹೋದವನು ವಾಪಸು ಬಂದು ತಟ್ಟಿಹೋದದ್ದೂ ಉಂಟು. ಎದುರುಮನೆಯವರು ಮೊದಮೊದಲು ಇದನ್ನು ಯಾವುದೋ ವ್ರತ ಅಂದುಕೊಂಡಿದ್ದರು. ಒಂದು ದಿನ ಆ ಮನೆಯ ಹೆಂಗಸು, “ಯಾವ ದೇವ್ರುಗಣ್ಣ ಇದು?” ಎಂದು ಕೇಳಿಯೇಬಿಟ್ಟರು. ದೇವರಿಗಲ್ಲ ತಾಯಿ, ಡ್ರೈವರಿಗೆ ಎಂದು ಹೇಳಬೇಕಿತ್ತು. ನಾಚಿಕೆಯಾಗಿ ಮನೆದೇವರಿಗೆ ಎಂದೆ. ಅವರು ಅಂದಿನಿಂದ ನನ್ನನ್ನು ಸ್ವಲ್ಪ ಭಕ್ತಿಯಿಂದ ನೋಡುತ್ತಾರೆ.

ಖಾಸಗಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವನು ನಾನು. ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರ, ಚಿನಕುರಳಿ, ಬೂಕನಕೆರೆ, ಕೆ.ಆರ್. ಪೇಟೆ, ಅಲ್ಲಿಂದ ನಾಗಮಂಗಲ. ಮತ್ತೆ ಅದೇ ದಾರಿಯಲ್ಲಿ ವಾಪಸು. ಬಸ್ಸಿನ ತಗಡಿಗೆ ಒಂದು ಸಲ ಹೊಡೆದರೆ ನಿಲ್ಲಿಸು, ಎರಡು ಸಲ ಹೊಡೆದರೆ ಹೊರಡು. ಬಾಯಲ್ಲಿ ಹೇಳುವುದಾದರೆ ಹೋಲ್ಡಾನ್, ರೈಟ್. ಕೆಲಸ ಬಿಟ್ಟು ಆರು ವರ್ಷವಾಯಿತು. ಸುದ್ದಿ ಇನ್ನೂ ಕೈಗೆ ಮುಟ್ಟಿಲ್ಲ. ಎರಡು ಸಲ ತಟ್ಟಿದ ಮೇಲೆ ಎಂಜಿನ್ನಿನ ಸದ್ದು ಏರಿ ಪಾದದಡಿ ನೆಲ ಅಲುಗಬೇಕು ಎಂದು ಅದು ಈಗಲೂ ಕಾಯುತ್ತದೆ. ನೆಲ ಅಲುಗುವುದಿಲ್ಲ. ನಾನೇ ನಡೆದುಕೊಂಡು ಹೋಗುತ್ತೇನೆ.

ನೀವು ಆ ದಾರಿಯಲ್ಲಿ ಓಡಾಡಿದವರಾದರೆ ನನ್ನನ್ನು ನೋಡಿರುತ್ತೀರಿ. ಆದರೆ ನೆನಪಿರುವುದಿಲ್ಲ. ಕಂಡಕ್ಟರನ ಮುಖವನ್ನು ಯಾರೂ ನೋಡುವುದಿಲ್ಲ, ಕೈಯನ್ನು ನೋಡುತ್ತಾರೆ. ನಾನೂ ನಿಮ್ಮ ಮುಖ ನೋಡಿದವನಲ್ಲ, ತಲೆ ಎಣಿಸಿದವನು. ಬೂಕನಕೆರೆ ಬಂತೆಂದರೆ ಒಂದು ಸಲ ಎಣಿಕೆ, ಪೇಟೆ ಹತ್ತಿರ ಬಂತೆಂದರೆ ಇನ್ನೊಂದು ಸಲ. ಆ ಎಣಿಕೆಯಲ್ಲಿ ಡ್ರೈವರೂ ಇಲ್ಲ, ಕಂಡಕ್ಟರೂ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದಾಗ ನನಗೆ ಕಲಿಸಿದ ಮೊದಲ ಪಾಠವೇ ಅದು: ನಿನ್ನನ್ನು ಬಿಟ್ಟು ಎಣಿಸು. ಚೆನ್ನಾಗಿಯೇ ಕಲಿತೆ. ಒಮ್ಮೆ ನೆಂಟರ ಮದುವೆಯಲ್ಲಿ ಅಡುಗೆಯವನು, ನಿಮ್ಮ ಕಡೆ ಎಷ್ಟು ಎಲೆ ಎಂದು ಕೇಳಿದ. ನಾಲ್ಕು ಎಂದೆ. ನಾಲ್ಕು ಎಲೆ ಹಾಕಿದರು, ನಾಲ್ವರು ಕೂತರು. ಐದನೆಯವನು ನಾನು. ಕಂಬಕ್ಕೆ ಒರಗಿ ನಿಂತುಕೊಂಡು ಮುಂದಿನ ಪಂಕ್ತಿಗೆ ಕಾದೆ. ನಿಂತು ಅಭ್ಯಾಸವಿದ್ದುದರಿಂದ ಕಷ್ಟವೇನೂ ಆಗಲಿಲ್ಲ.

ನನ್ನ ಸ್ವಂತ ಮದುವೆ ಆಗಲಿಲ್ಲ. ಹೆಣ್ಣು ನೋಡಲು ಮೂರು ಕಡೆ ಹೋಗಿದ್ದೆ. ಒಂದು ಕಡೆ ಹುಡುಗಿಯ ತಂದೆ ನನ್ನನ್ನು ಬಹಳ ಹೊತ್ತು ದಿಟ್ಟಿಸಿ, “ನೀನೇ ಅಲ್ವಾ, ಚಿನಕುರಳಿ ತಾವ ನನ್ನ ಬೆನ್ನಿಗೆ ಕೈಯಿಟ್ಟು ಒಳಕ್ ನಡೀರಿ ಒಳಕ್ ನಡೀರಿ ಅಂತ ದಬ್ದೋನು?” ಎಂದರು. ನಾನೇ ಇರಬೇಕು. ಇನ್ನೆರಡು ಕಡೆ ಕಾರಣ ಹೇಳಲಿಲ್ಲ. ಆಮೇಲೆ ನಾನೂ ಹೋಗಲಿಲ್ಲ. ಬೆಳಗಿನಿಂದ ಸಂಜೆಯ ತನಕ ಅಷ್ಟು ಜನರ ಉಸಿರು ಮೈಗೆ ತಾಗುತ್ತಿದ್ದಾಗ, ಮನೆಯಲ್ಲಿ ಇನ್ನೊಬ್ಬರು ಇಲ್ಲ ಎನ್ನುವುದು ಗೊತ್ತಾಗುತ್ತಲೇ ಇರಲಿಲ್ಲ. ಗೊತ್ತಾದದ್ದು ಬಸ್ಸಿನಿಂದ ಇಳಿದ ಮೇಲೆ. ಪಾಂಡವಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಕೆಲವು ದಿನ ಸಂಜೆಯಾಗುವ ಹೊತ್ತಿಗೆ, ಬೆಳಗಿನಿಂದ ಒಂದು ಮಾತೂ ಆಡಿಲ್ಲ ಎನ್ನುವುದು ನೆನಪಾಗುತ್ತದೆ. ಆಗ ಸುಮ್ಮನೆ ಗಂಟಲು ಸರಿಮಾಡಿಕೊಳ್ಳುತ್ತೇನೆ, ಇದೆಯೋ ಇಲ್ಲವೋ ನೋಡೋಣ ಎಂದು.

ಹೋದ ದೀಪಾವಳಿ ಕಳೆದ ಮೇಲೆ ಸವಿತಾ ಎಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಮೈಸೂರಿನಲ್ಲಿ ಓದುತ್ತಿರುವವಳು. ಬಸ್ಸು, ಲಾರಿ, ಎತ್ತಿನ ಗಾಡಿ, ಹರಿಗೋಲು, ಹೀಗೆ ಜನರನ್ನೂ ಸಾಮಾನನ್ನೂ ಸಾಗಿಸುವವರ ಮಾತು, ಕೂಗು, ನಂಬಿಕೆಗಳನ್ನು ದಾಖಲು ಮಾಡುವುದು ಅವಳ ಕೆಲಸ. ಬಸ್ ನಿಲ್ದಾಣದ ಟೀ ಅಂಗಡಿಯವನು ನನ್ನ ಮನೆ ತೋರಿಸಿದ್ದ.

“ಇದೆಲ್ಲ ಜಾನಪದ ಸರ್,” ಎಂದಳು.

ನನ್ನನ್ನು ಅದುವರೆಗೆ ಯಾರೂ ಸರ್ ಅಂದಿರಲಿಲ್ಲ. ಜಾನಪದ ಎಂದರೆ ಬೀಸುವ ಪದ, ಸೋಬಾನೆ ಪದ ಎಂದುಕೊಂಡಿದ್ದವನು ನಾನು. ಊರ ಹೆಸರು ಕೂಗುವುದೂ ಜಾನಪದ ಎಂದು ಮೊದಲೇ ಗೊತ್ತಿದ್ದರೆ ಇನ್ನೂ ಸ್ವಲ್ಪ ನೀಟಾಗಿ ಕೂಗುತ್ತಿದ್ದೆ. ಅವಳು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಯಂತ್ರವನ್ನು ಮೇಜಿನ ಮೇಲಿಟ್ಟು, ಕೂಗಿ ಸರ್ ಎಂದಳು. ಕೂತು ಕೂಗಲು ಬರಲಿಲ್ಲ. ಎದ್ದೆ, ಕಿಟಕಿಯ ಸರಳು ಹಿಡಿದೆ, ಅರ್ಧ ಮೈ ಹೊರಗೆ ವಾಲಿಸಿದೆ. ಆಮೇಲೆ ಬಂತು: ಚಿನಕುರಳಿ ಬೂಕನಕೆರೆ ಪೇಟೆ ಪೇಟೆ ಪೇಟೆ ಪೇಟೆ! ಎದುರುಮನೆಯವರು ಬಾಗಿಲು ತೆರೆದು ನೋಡಿದರು. ಸವಿತಾ ಚಪ್ಪಾಳೆ ತಟ್ಟಿದಳು. ಮೂವತ್ತೊಂದು ವರ್ಷ ಕೂಗಿದ್ದಕ್ಕೆ ಸಿಕ್ಕ ಮೊದಲ ಚಪ್ಪಾಳೆ. ಸುಳ್ಳು ಯಾಕೆ ಹೇಳಲಿ, ಅವಳು ಹೋದ ಮೇಲೆ ನಾನು ಅತ್ತೆ.

ನಿಮಗೆ ಎಲ್ಲರೂ ಗೊತ್ತಿರುತ್ತಾರೆ, ನೀವೇ ಒಂದಷ್ಟು ಜನರನ್ನು ಮಾತಾಡಿಸಿ ಎಂದು ಆ ಯಂತ್ರವನ್ನು ನನ್ನ ಕೈಯಲ್ಲಿ ಬಿಟ್ಟುಹೋದಳು. ಮಾರ್ಚ್ ಕೊನೆಗೆ ಬಂದು ವಾಪಸು ತೆಗೆದುಕೊಳ್ಳುತ್ತೇನೆ ಎಂದಳು. ಅಂತೂ ನನಗೊಂದು ಕೆಲಸ ಸಿಕ್ಕಿತು. ಅದಕ್ಕಿಂತ ಹೆಚ್ಚಾಗಿ, ಹೋಗಿ ಇನ್ನೊಬ್ಬರ ಜಗಲಿಯ ಮೇಲೆ ಕೂರಲು ಒಂದು ನೆಪ ಸಿಕ್ಕಿತು.

ಪಾಂಡವಪುರದ ಹಳೆಯ ಕಬ್ಬಿನ ಗಾಡಿಯವನೊಬ್ಬ ಎತ್ತು ಹೊಡೆಯುವಾಗ ನಾಲಿಗೆಯಲ್ಲಿ ಮಾಡುತ್ತಿದ್ದ ಸದ್ದನ್ನೆಲ್ಲ ಮಾಡಿ ತೋರಿಸಿದ. ಅದನ್ನು ಅವನಿಗೇ ಕೇಳಿಸಿದಾಗ ಪಕ್ಕದ ಕೊಟ್ಟಿಗೆಯ ಎತ್ತು ತಲೆ ಎತ್ತಿ ನೋಡಿತು. ಪೇಟೆಯ ಲಾರಿ ಹಮಾಲಿಗಳು ಮೂಟೆ ಎಣಿಸುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು. ಅದು ಎಲ್ಲ ಕಡೆ ಇರುವುದೇ. ಯಾಕೆ ಎಂದು ಕೇಳಿದರೆ ಅವರಲ್ಲೊಬ್ಬ, “ಒಂದು ಅಂದ್ರೆ ಅದು ಒಂಟಿಯಾಗೋಯ್ತದೆ ಕಣಣ್ಣ, ಎರಡ್ನೇದು ಬರಾಕಿಲ್ಲ,” ಎಂದ. ಅವನು ಹೇಳಿದ್ದು ಸರಿಯಾದ ಕಾರಣವೋ ಅಲ್ಲವೋ, ಬಸ್ಸಿನಲ್ಲಿ ಮನೆಗೆ ಬರುವಾಗ ಅದೇ ಮಾತು ಕಿವಿಯಲ್ಲಿತ್ತು.

ಜವರೇಗೌಡನ ಹತ್ತಿರವೂ ಹೋಗಿದ್ದೆ. ಇಪ್ಪತ್ತೆರಡು ವರ್ಷ ನನ್ನ ಡ್ರೈವರ್ ಆಗಿದ್ದವನು. ಈಗ ದೇವಲಾಪುರದ ಕಡೆ ತೋಟದ ಮನೆಯಲ್ಲಿದ್ದಾನೆ. ಬೆಳಗ್ಗೆ ಗಾಡಿ ತೆಗೆಯುವಾಗ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಸಂಜೆಯದನ್ನು ಕೊನೇ ಟ್ರಿಪ್ಪು ಎಂದು ಯಾರಾದರೂ ಅಂದರೆ ಸಿಡುಕುತ್ತಿದ್ದ. ಮನೆ ಟ್ರಿಪ್ಪು ಎನ್ನಬೇಕು. ಎದುರಿನಿಂದ ಬರುವ ಬಸ್ಸಿನವನು ತಲೆಯ ಮೇಲೆ ಕೈಯಿಟ್ಟು ತೋರಿಸಿದರೆ ಮುಂದೆ ಪೊಲೀಸರಿದ್ದಾರೆ ಎಂದು ಅರ್ಥ. ಇದನ್ನೆಲ್ಲ ಅವನ ಬಾಯಿಂದಲೇ ಹೇಳಿಸಬೇಕೆಂದು ಹೋದೆ. ಕಾಫಿ ಕುಡಿದೆವು. ಯಂತ್ರ ಚಾಲೂ ಆಯಿತು. ಇಬ್ಬರಿಗೂ ಮಾತು ಬರಲಿಲ್ಲ. ಅಷ್ಟು ವರ್ಷ ನಮ್ಮಿಬ್ಬರ ನಡುವೆ ಒಂದು ಬಸ್ಸಿನ ತುಂಬ ಜನ ಇರುತ್ತಿದ್ದರು. ಆವತ್ತು ನಡುವೆ ಒಂದು ಸ್ಟೂಲು ಮಾತ್ರ ಇತ್ತು. ಮುಕ್ಕಾಲು ಗಂಟೆ ಹಾಗೇ ಕೂತಿದ್ದು, ನಾನು ಹೊರಡುವ ಹೊತ್ತಿಗೆ ಅಭ್ಯಾಸ ಬಲದಿಂದ ಅವನ ಕಂಬಕ್ಕೆ ಎರಡು ಸಲ ತಟ್ಟಿದೆ. ಜವರೇಗೌಡನ ಬಲಗಾಲು ತಾನಾಗಿ ನೆಲ ಒತ್ತಿತು. ಇಬ್ಬರೂ ಅದನ್ನು ನೋಡಿದೆವು. “ಓಗ್ಬುಟ್ಟು ಬಾ,” ಎಂದ. ಅಷ್ಟೇ ಮಾತು.

ಆದರೆ ನಾನು ಹೇಳಹೊರಟದ್ದು ತಿಮ್ಮಣ್ಣನ ವಿಷಯ. ಮಾತು ಬಸ್ಸಿನಂತೆ ಎಲ್ಲ ಕಡೆ ನಿಂತು ನಿಂತು ಬರುತ್ತಿದೆ, ಬೇಜಾರು ಮಾಡಿಕೊಳ್ಳಬೇಡಿ.

ತಿಮ್ಮಣ್ಣ ಅಂಬಿಗ. ಶ್ರೀರಂಗಪಟ್ಟಣದಾಚೆ ಹೊಳೆದಂಡೆಯ ಒಂದು ಊರಿನವನು. ಊರಿನ ಹೆಸರು ಬೇಡ ಎಂದು ಅವನೇ ಹೇಳಿದ್ದಾನೆ. ವಯಸ್ಸು ಎಂಬತ್ತರ ಹತ್ತಿರ. ಅಜ್ಜನ ಕಾಲದಿಂದ ಅವರ ಮನೆಯವರು ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದರು. ಸೇತುವೆ ಬಂದ ಮೇಲೆ ಯಾರೂ ಬರುವುದಿಲ್ಲ. ಮಗ ಕೂಲಿಗೆ ಹೋಗುತ್ತಾನೆ, ಸೊಸೆ ಮಂಜುಳ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಹರಿಗೋಲು ಹೊಂಗೆಮರದ ಕೆಳಗೆ ಬೋರಲು ಬಿದ್ದಿದೆ. ಆದರೂ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ತಿಮ್ಮಣ್ಣ ಅದಕ್ಕೆ ಹೊಸ ಪ್ಲಾಸ್ಟಿಕ್ ಹಾಳೆ ಕಟ್ಟಿ ಡಾಂಬರು ಬಳಿಯುತ್ತಾನೆ. ಮೊದಲ ಸಲ ಹೋದಾಗ, ಇದೆಲ್ಲ ಯಾಕೆ ಎಂದು ಕೇಳಿದೆ.

“ಯಾರಾರ ಕೂಗುದ್ರೆ?” ಎಂದ.

ಅವನು ಹೇಳಿದ ಪದ್ಧತಿ ಹೀಗೆ. ಆಚೆ ದಡಕ್ಕೆ ಬಂದವರು ಅಲ್ಲಿಂದ ಅಂಬಿಗನ ಹೆಸರು ಹಿಡಿದು ಕೂಗಬೇಕು. ಹೆಸರಿನ ಬೆನ್ನಿಗೇ ಎಷ್ಟು ಜನ ಎಂದು ಕೂಗಬೇಕು. ಗಾಳಿಗೆ ಅಕ್ಷರ ಒಡೆದುಹೋಗುವುದರಿಂದ ಕೊನೆಯನ್ನು ಎಳೆಯಬೇಕು. ಕಂಕುಳಲ್ಲಿ ಕೂಸಿದ್ದರೆ ಒಂದೂವರೆ. ಸಾವಿನ ಸುದ್ದಿ ತಂದವನು ಮಾತ್ರ ಜನದ ಸಂಖ್ಯೆ ಕೂಗುವುದಿಲ್ಲ, ಬರೀ ಹೆಸರನ್ನು ಎರಡು ಸಲ ಕೂಗಿ ಸುಮ್ಮನಾಗುತ್ತಾನೆ. ಅವನನ್ನು ಅಂಬಿಗ ಏನೂ ಕೇಳುವುದಿಲ್ಲ. ಉಳಿದವರಿಗೆ ಒಂದು ಉದ್ದನೆಯ ಓ. ಆ ಓ ಅಂದುಬಿಟ್ಟರೆ ಮುಗಿಯಿತು, ಬರಲೇಬೇಕು. ಉಣ್ಣುತ್ತಿದ್ದರೂ ಏಳಬೇಕು, ಜ್ವರ ಬಂದಿದ್ದರೂ ಏಳಬೇಕು. ಬರಲಾಗದಿದ್ದರೆ ಓ ಅನ್ನಲೇಬಾರದು. ಒಮ್ಮೆ ತಿಮ್ಮಣ್ಣ ಬಾಯಲ್ಲಿ ತುತ್ತಿಟ್ಟುಕೊಂಡೇ ಓ ಅಂದು ಹೊರಟು, ವಾಪಸು ಬರುವಷ್ಟರಲ್ಲಿ ನಾಯಿ ತಟ್ಟೆಯ ಮುದ್ದೆಯನ್ನೂ ಅದರ ಸಾರನ್ನೂ ಮುಗಿಸಿ ಮಲಗಿತ್ತಂತೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಸವಿತಾ ಕುಣಿದಾಡಿದಳು. “ಆ ಓ ಒಂದು ಸಿಕ್ಕಿಬಿಟ್ಟರೆ ಸಾಕು ಸರ್. ಅದು ಬೇರೆ ಎಲ್ಲೂ ಸಿಗುವುದಿಲ್ಲ,” ಎಂದಳು.

ನಾನು ತಿಮ್ಮಣ್ಣನಿಗೆ, ಎಲ್ಲಿ ಒಂದು ಸಲ ಓ ಅನ್ನು ಎಂದೆ. ಅನ್ನಲಿಲ್ಲ. ಎರಡನೆಯ ಸಲ ಹೋದಾಗ ಪಾಂಡವಪುರದಿಂದ ಬೆಲ್ಲ ತೆಗೆದುಕೊಂಡು ಹೋದೆ. ಬೆಲ್ಲ ತಗೊಂಡ, ಓ ಅನ್ನಲಿಲ್ಲ. ಮೂರನೆಯ ಸಲ ಒಂದು ಉಪಾಯ ಮಾಡಿ, ಯಂತ್ರವನ್ನು ಅವನ ಪಕ್ಕದಲ್ಲಿಟ್ಟು ಹಿತ್ತಲಿಗೆ ಹೋಗಿ, ತಿಮ್ಮಣ್ಣೋ ಎಂದು ಕರೆದೆ. “ಏನು?” ಎಂದ. ಮಂಜುಳ ಹಾಲಿನ ಕ್ಯಾನು ತೊಳೆಯುತ್ತಿದ್ದವಳು ನಗು ತಡೆಯಲಾರದೆ ಒಳಗೆ ಹೋದಳು.

“ಸುಮ್ಸುಮ್ಕೆ ಅನ್ನಾಕಾಯ್ತದಾ ಕಂಡಕ್ಟ್ರೇ?” ತಿಮ್ಮಣ್ಣ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ. “ಓ ಅಂದ್ಮ್ಯಾಕೆ ಓಗ್ಬೇಕು. ಯಾರೂ ಇಲ್ದೇ ಇರೋ ದಡಕ್ಕೆ ಏನಂತ ಓಗ್ಲಿ? ನೀವು ಬಸ್ಸಲ್ಲಿ ಜನಾನೇ ಇಲ್ದೆ ರೈಟ್ ಅಂತಿದ್ರಾ?”

“ಕೊನೇಗೆ ಕೂಗಿದ್ದು ಯಾರು ತಿಮ್ಮಣ್ಣ?”

“ನೆಪ್ಪಿಲ್ಲ. ಇದೇ ಕೊನೇ ಕೂಗು ಅಂತ ಅವ್ನೇನು ಯೋಳ್ಬುಟ್ಟು ಕೂಗಿದ್ನಾ? ಯೋಳಿದ್ರೆ ನೆಪ್ಪಿಟ್ಕತಿದ್ದೆ. ನಾಳೀಕೂ ಬತ್ತಾರೆ ಅನ್ಕಂಡೆ. ಬರ್ನಿಲ್ಲ.”

ಅಷ್ಟು ಹೇಳಿ ಅವನು ಹೊಳೆಯ ಕಡೆ ನೋಡುತ್ತ ಕೂತ. ನಾನು ಯಂತ್ರ ಆರಿಸಿ ಎದ್ದೆ.

ಮಾರ್ಚ್ ಕೊನೆ ಹತ್ತಿರವಾಯಿತು. ನನ್ನ ಮನಸ್ಸಿನ ಸ್ಥಿತಿ ವಿಚಿತ್ರವಾಗಿತ್ತು. ಆ ಓ ಸಿಗದಿದ್ದರೆ ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಉಳಿಯುತ್ತದೆ. ಸಿಕ್ಕಿದರೆ ಕೆಲಸ ಮುಗಿದೇಹೋಗುತ್ತದೆ. ಸವಿತಾ ಯಂತ್ರ ತೆಗೆದುಕೊಂಡು ಹೋಗುತ್ತಾಳೆ, ಫೋನು ನಿಲ್ಲುತ್ತದೆ, ನಾನು ಮತ್ತೆ ಸಂಜೆ ಹೊತ್ತು ಗಂಟಲು ಸರಿಮಾಡಿಕೊಳ್ಳುತ್ತ ಕೂರಬೇಕು. ಎರಡು ದಿನ ಹೀಗೆ ತೂಗಾಡಿ, ಮೂರನೆಯ ದಿನ ಬೆಳಗ್ಗೆ ಎದ್ದು ಹೊರಟೆ. ಆಚೆ ದಡದಿಂದ ಕೂಗಿದರೆ ತಾನೆ ಓ ಅನ್ನುವುದು? ಹಾಗಾದರೆ ನಾನೇ ಹೋಗಿ ಕೂಗುತ್ತೇನೆ. ಇಷ್ಟು ಸುಲಭದ ವಿಷಯ ಮೂರು ತಿಂಗಳು ನನ್ನ ತಲೆಗೆ ಹೊಳೆದಿರಲಿಲ್ಲ.

ತಿಮ್ಮಣ್ಣ ದಡದ ಕಲ್ಲಿನ ಮೇಲೆ ಕೂತಿದ್ದ. ಯಂತ್ರವನ್ನು ಚಾಲೂ ಮಾಡಿ ಅವನ ಪಕ್ಕದಲ್ಲಿಟ್ಟೆ.

“ಇದು ಇಲ್ಲಿರ್ಲಿ ತಿಮ್ಮಣ್ಣ. ಇಲ್ಲಿ ಆಡೋದೆಲ್ಲ ಇದ್ರೊಳಕ್ಕೆ ಓಯ್ತದೆ, ಗೊತ್ತಲ್ಲ? ನಾನು ಸೇತುವೆ ಮೇಲೆ ಸುತ್ಕಂಡು ಆ ಕಡೆ ಓಗಿ ಕೂಗ್ತೀನಿ.”

“ಇರ್ಲಿ ಬುಡಿ, ಅದೇನು ಇಟ್ಟು ಸಾರು ಕೇಳ್ತದಾ,” ಎಂದ. ಆಮೇಲೆ ನನ್ನ ಮುಖ ನೋಡಿ ನಿಧಾನವಾಗಿ, “ಕೂಗುದ್ರೆ ಬತ್ತೀನಿ. ಆಮ್ಯಾಕೆ ಬ್ಯಾಡ ಅನ್ಬಾರ್ದು,” ಎಂದು ಸೇರಿಸಿದ.

ತಮಾಷೆಗೆ ಹೇಳುತ್ತಿದ್ದಾನೆ ಎಂದುಕೊಂಡೆ. ಓ ಅನ್ನುತ್ತಾನೆ, ನಾನು ಕೈ ಬೀಸಿ ಬಂದ ದಾರಿಯಲ್ಲೇ ವಾಪಸು ಬರುತ್ತೇನೆ ಎಂದು ನನ್ನ ಯೋಚನೆ.

ಸೇತುವೆಯ ತನಕ ಆಟೋ, ಅಲ್ಲಿಂದ ಗದ್ದೆಯ ಬದುವಿನ ಮೇಲೆ ನಡಿಗೆ. ಆಚೆ ದಡಕ್ಕೆ ಬರುವ ಹೊತ್ತಿಗೆ ಬಿಸಿಲು ಚೆನ್ನಾಗಿ ಏರಿತ್ತು. ಅಣೆಕಟ್ಟೆಯಿಂದ ನೀರು ಬಿಟ್ಟಿರಲಿಲ್ಲ. ಹೊಳೆ ಸಣ್ಣಗಾಗಿ ಬಂಡೆಗಳು ಬೆನ್ನು ತೋರಿಸುತ್ತಿದ್ದವು. ಒಬ್ಬ ಎಮ್ಮೆಯ ಮೈ ತೊಳೆಯುತ್ತಿದ್ದ. ಎದುರಿಗೆ ಕಲ್ಲಿನ ಮೇಲೆ ತಿಮ್ಮಣ್ಣ ಒಂದು ಬಿಳಿ ಚುಕ್ಕೆಯಾಗಿದ್ದ. ನಾನು ಕೈಯನ್ನು ಬಾಯಿಗೆ ಅಡ್ಡ ಹಿಡಿದೆ. ಸ್ವರ ಬರಲಿಲ್ಲ.

ಕೂಗಿ ಕೂಗಿ ಹೊಟ್ಟೆ ಹೊರೆದವನು ನಾನು. ಆದರೆ ಯೋಚಿಸಿದರೆ, ಕೂಗಿದ್ದೆಲ್ಲ ಊರುಗಳ ಹೆಸರನ್ನು. ಒಬ್ಬ ಮನುಷ್ಯನನ್ನು ಹೆಸರು ಹಿಡಿದು, ಬಾ ಎಂದು ಕೂಗಿದ್ದೇ ಇಲ್ಲ. ಧೈರ್ಯ ಮಾಡಿ ಬಾಯಿ ತೆರೆದೆ. ಬಂದದ್ದು ಬಸ್ಸಿನ ರಾಗ: ತಿಮ್ಮಣ್ಣ ತಿಮ್ಮಣ್ಣ ತಿಮ್ಮಣ್ಣ ತಿಮ್ಮಣ್ಣ!

ಎಮ್ಮೆಯವನು ತಿರುಗಿ ನೋಡಿ, “ಬಸ್ಸು ಇಲ್ಲಿಗೆ ಬರಾಕಿಲ್ಲ ಕಣಣ್ಣ, ರೋಡ್ಗೋಗ್ಬೇಕು,” ಎಂದ. ಎಮ್ಮೆ ಹೊಡೆದುಕೊಂಡು ಹೋಗಿಯೂಬಿಟ್ಟ.

ಅವನು ಮರೆಯಾಗುವ ತನಕ ಕಾದು, ಮತ್ತೆ ಕೂಗಿದೆ. ಈ ಸಲ ಎಳೆದೆ. “ತಿಮ್ಮಣ್ಣೋಓಓ!”

ಬಿಳಿ ಚುಕ್ಕೆ ಕದಲಿತು. ಆದರೆ ಓ ಬರಲಿಲ್ಲ. ಜನ ಎಷ್ಟು ಎಂದು ಕೂಗುವುದನ್ನು ನಾನು ಮರೆತಿದ್ದೆ. ನೀರಿನ ಮೇಲೆ ಅವನ ದನಿ ತೇಲಿಬಂತು. “ಎಷ್ಟ್ ಜನಾಆಆ?”

ಎಷ್ಟು ಜನ ಎಂದು ಕೇಳಿದರೆ ನನ್ನ ತಲೆ ತಾನಾಗಿ ತಿರುಗುತ್ತದೆ. ತಿರುಗಿತು. ಹಿಂದೆ ನೋಡಿದೆ. ಬದುವಿನ ದಾರಿ ಖಾಲಿ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಎಣಿಸಲು ಒಂದು ತಲೆಯೂ ಇರಲಿಲ್ಲ. ಸತ್ಯವನ್ನೇ ಕೂಗಿದೆ.

“ಯಾರೂ ಇಲ್ಲಾಆಆ!”

ಆ ಕಡೆಯಿಂದ, “ಅಂಗಾರೆ ಕೂಗ್ತಿರೋನು ಯಾರ್ಲಾಆಆ?”

ಆಗ ತಿಳಿಯಿತು. ನಗು ಬರಬೇಕಿತ್ತು. ಬಂದದ್ದು ನಗುವಲ್ಲ. ಅರವತ್ತಾರು ವರ್ಷ ಬದುಕಿದ್ದೇನೆ, ಒಂದು ಎಲೆಯ ಲೆಕ್ಕಕ್ಕೂ ನನ್ನನ್ನು ಸೇರಿಸಿಕೊಳ್ಳದೆ ಬಂದಿದ್ದೇನೆ. ಬಿಸಿಲಿನಲ್ಲಿ, ಯಾರೂ ಇಲ್ಲದ ದಡದಲ್ಲಿ, ಕಣ್ಣು ತುಂಬಿಕೊಂಡು ನಿಂತಿದ್ದೇನೆ. ಇಷ್ಟು ವರ್ಷ ಎಲ್ಲೂ ಹೇಳದೆ ಅಡಗಿಸಿಟ್ಟುಕೊಂಡಿದ್ದ ಮಾತು ಗಂಟಲಿಗೆ ಬಂತು. ಇದ್ದ ಬಲವನ್ನೆಲ್ಲ ಹಾಕಿ ಕೂಗಿದೆ.

“ನಾನೂಊ... ಒಬ್ನೇಏಏ!”

ಈ ಸಲ ಉತ್ತರ ಬರಲು ಬಹಳ ಹೊತ್ತಾಯಿತು. ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿದರೂ ಬೇಡವೆನಿಸಿತೋ ಎಂದು ನಾನು ಮರಳಿನ ಮೇಲೆ ಕಾಲು ಬದಲಿಸುತ್ತ ನಿಂತೆ. ಆಮೇಲೆ ಬಂತು. “ಓಓಓ!” ಅದನ್ನು ಹೇಗೆ ವರ್ಣಿಸಬೇಕೋ ನನಗೆ ಗೊತ್ತಿಲ್ಲ. ಎಂಬತ್ತರ ಮುದುಕನ ಎದೆಯಲ್ಲಿ ಅಷ್ಟು ದೊಡ್ಡ ದನಿ ಇದೆ ಎಂದು ನಾನು ಅಂದುಕೊಂಡಿರಲಿಲ್ಲ.

ನಾನು ಕೈ ಬೀಸಿದೆ. ಅವನು ಕೈ ಬೀಸಲಿಲ್ಲ. ಹೊಂಗೆಮರದ ಕಡೆ ಹೋಗಿ ಹರಿಗೋಲನ್ನು ಎಳೆಯಲು ಶುರುಮಾಡಿದ. ಬ್ಯಾಡ ತಿಮ್ಮಣ್ಣ, ಬ್ಯಾಡ, ನಾನೇ ಬತ್ತೀನಿ ಎಂದು ಕೂಗಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಹರಿಗೋಲು ನೀರಿಗಿಳಿಯಿತು. ಮೆಲ್ಲಗೆ ಸುತ್ತುತ್ತ, ಬಂಡೆಗಳನ್ನು ಬಳಸಿಕೊಂಡು ಬರುವ ಆ ಕರಿಯ ತಟ್ಟೆಯನ್ನೂ ಅದರೊಳಗೆ ಮಂಡಿಯೂರಿ ಹುಟ್ಟು ಹಾಕುವ ಮುದುಕನನ್ನೂ ನೋಡುತ್ತ, ಎಂಥ ಅನ್ಯಾಯ ಮಾಡಿದೆ, ಏನಾದರೂ ಆದರೆ ಮಂಜುಳನಿಗೆ ಏನು ಹೇಳಲಿ ಎಂದು ಒದ್ದಾಡಿದೆ. ದಡಕ್ಕೆ ತಾಗಿದಾಗ ಅವನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ಯಾಕೆ ಬಂದೆ ತಿಮ್ಮಣ್ಣ? ಬ್ಯಾಡ ಅಂತ ಅಷ್ಟು ಕೂಗ್ದೆ.”

“ಅದು ಕೇಳುಸ್ನಿಲ್ಲ,” ಎಂದ. ಸುಳ್ಳು. “ಹತ್ತು. ಮಧ್ಯಕ್ಕೆ ಕೂತ್ಕ. ಕೆಳಗೆ ಒಸಿ ನೀರು ಒಸರ್ತದೆ, ಆ ಮಗ್ಗು ತಕ್ಕಂಡು ಎತ್ತಾಕ್ತಿರು.”

ನಾನು ಆಚೆ ದಡದಿಂದ ಕೂಗುವ ತನಕ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದವನು ಅವನು. ಹತ್ತಿದೆ. ಬಸ್ಸಿನಲ್ಲಿ ಹಾಯಾಗಿ ನಿಂತವನಿಗೆ ಹರಿಗೋಲಿನಲ್ಲಿ ಕೂರುವುದೇ ಕಷ್ಟವಾಯಿತು. ಮಗ್ಗಿನಲ್ಲಿ ನೀರು ಎತ್ತಿ ಹಾಕುತ್ತ, ನನ್ನ ಜೀವನದಲ್ಲಿ ಮೊದಲ ಸಲ ಎಣಿಕೆಗೆ ಸೇರಿದ ಒಬ್ಬ ಪ್ರಯಾಣಿಕನಾಗಿ ಕೂತು ಬಂದೆ. ಈಚೆ ದಡದಲ್ಲಿ ಮಂಜುಳ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಇಬ್ಬರಿಗೂ ಬೈದಳು. ಬೈದ ಮೇಲೆ ಮಜ್ಜಿಗೆ ಕೊಟ್ಟಳು.

ಸವಿತಾ ಹೇಳಿದ ದಿನವೇ ಬಂದು ಯಂತ್ರ ತೆಗೆದುಕೊಂಡಳು. ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೇಳಿದಳು. ಬಹಳ ಸಂತೋಷವಾಯಿತು. ಆಮೇಲೆ ಸ್ವಲ್ಪ ಅನುಮಾನಿಸುತ್ತ, “ಓ ಬರುವುದಕ್ಕೆ ಮುಂಚೆ ಅವರ ಮನೆ ಮಾತು ಸೇರಿಕೊಂಡಿದೆ ಸರ್. ಅಷ್ಟನ್ನು ಕತ್ತರಿಸಿಬಿಡಲಾ? ಕೂಗಿನ ಹಿಂದೆಯೇ ಓ ಬಂದರೆ ಚೆನ್ನಾಗಿರುತ್ತದೆ,” ಎಂದಳು.

ಕತ್ತರಿಸಬೇಡ ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದೆನೆಂದು ಕಾಣುತ್ತದೆ, ಅವಳು ಗಾಬರಿಯಾದಳು. ಅದರ ಒಂದು ಪ್ರತಿಯನ್ನು ನನ್ನ ಫೋನಿಗೂ ಹಾಕಿಕೊಟ್ಟುಹೋದಳು. ಅಂದುಕೊಂಡಂತೆ ಅವಳ ಫೋನು ಈಗ ಅಪರೂಪ. ಸಂಜೆ ಹೊತ್ತು ನಾನು ಅದನ್ನು ಕೇಳುತ್ತೇನೆ. ಮೊದಲು ಹೊಳೆಯ ಸದ್ದು. ಎಲ್ಲೋ ಬಹಳ ದೂರದಲ್ಲಿ, ಇದು ನನ್ನದು ಎಂದು ನಂಬಲಾಗದಷ್ಟು ಸಣ್ಣದಾಗಿ ನನ್ನ ದನಿ: ನಾನೂ, ಒಬ್ನೇ. ಅದರ ಬೆನ್ನಿಗೆ ಹತ್ತಿರದಲ್ಲೇ ಮಂಜುಳ. ಆಚೆ ದಡದಲ್ಲಿ ನಾನು ಕಾಲು ಬದಲಿಸುತ್ತ ನಿಂತಿದ್ದಾಗ ಈಚೆ ನಡೆದ ಮಾತು ಇದು.

“ಸುಮ್ಕೆ ಕೂತ್ಕಳಿ ಮಾವ. ಸೇತುವೆ ಅದಲ್ಲ, ಸುತ್ಕಂಡು ಬತ್ತಾರೆ. ಆಟಕ್ಕೆ ಕೂಗ್ತಾವ್ರೆ ಅಷ್ಟೇಯ.”

“ಆಟಕ್ಕಲ್ಲ ಕಣವ್ವ,” ಎನ್ನುತ್ತಾನೆ ತಿಮ್ಮಣ್ಣ. “ಮೊದ್ಲು ಯಾರೂ ಇಲ್ಲ ಅಂದ್ನಲ್ಲ, ಕೇಳುಸ್ಕಂಡ್ಯಾ? ಆ ಉಟ್ಟು ಕೊಡಿಲ್ಲಿ.”

ಹುಟ್ಟು ಕಲ್ಲಿಗೆ ತಾಗುವುದೂ, ಅವನು ಎದ್ದು ನಿಲ್ಲುವಾಗ ಮಂಡಿ ಲಟಕ್ಕೆನ್ನುವುದೂ ಕೇಳುತ್ತದೆ. ಆಮೇಲೆ ಓ ಅನ್ನುತ್ತಾನೆ.